ದಿನ ತುಂಬದ ಮಗುವಿನ ಶ್ವಾಸಕೋಶ

ಅವಧಿಗೆ ಮುನ್ನ ಹುಟ್ಟಿದ ಕೆಲವು ಮಕ್ಕಳಿಗೆ ಹುಟ್ಟಿ 28 ದಿನ ಕಳೆದರೂ ಹೊರಗಿನಿಂದ ಆಮ್ಲಜನಕ ಕೊಡುತ್ತಲೇ ಇರಬೇಕಾಗುತ್ತದೆ. ಈ ಸ್ಥಿತಿಗೆ ವೈದ್ಯರು ಬ್ರಾಂಕೋಪಲ್ಮನರಿ ಡಿಸ್‌ಪ್ಲೇಸಿಯ, ಚುಟುಕಾಗಿ ಬಿಪಿಡಿ ಎನ್ನುತ್ತಾರೆ. ಇದು ದಿನ ತುಂಬದ ಮಕ್ಕಳ ದೀರ್ಘಕಾಲದ ಶ್ವಾಸಕೋಶ ರೋಗ. ಗರ್ಭದ ದಿನಗಳನ್ನೂ ಸೇರಿಸಿ ಮಗುವಿಗೆ 36 ವಾರ ತುಂಬಿದಾಗ ಆಮ್ಲಜನಕ ಎಷ್ಟು ಬೇಕಾಗುತ್ತದೆ, ಯಂತ್ರದ ನೆರವು ಎಷ್ಟು ಬೇಕಾಗುತ್ತದೆ ಎಂಬುದನ್ನು ನೋಡಿ ರೋಗದ ತೀವ್ರತೆಯನ್ನು ಅಳೆಯುತ್ತಾರೆ. 28 ವಾರಕ್ಕೂ ಮೊದಲು ಹುಟ್ಟಿದ, ಒಂದು ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಇದರ ಅಪಾಯ ಹೆಚ್ಚು.

ಗರ್ಭದಲ್ಲಿ ಶ್ವಾಸಕೋಶ ಬಲಿಯುವುದು ಹೆಚ್ಚಿನ ಅಂಗಗಳಿಗಿಂತ ತಡವಾಗಿ. ಉಸಿರು ಮತ್ತು ರಕ್ತದ ನಡುವೆ ಆಮ್ಲಜನಕ ಕೈಬದಲಾಗುವ ಪುಟ್ಟ ಗಾಳಿಗೂಡುಗಳು ಸರಿಯಾಗಿ ಮೂಡತೊಡಗುವುದು ಗರ್ಭದ ಕೊನೆಯ ವಾರಗಳಲ್ಲಿ. ಹುಟ್ಟಿದ ನಂತರವೂ ಕೆಲವು ವರ್ಷ ಅವು ಹೆಚ್ಚುತ್ತಲೇ ಇರುತ್ತವೆ. ಈ ಗೂಡುಗಳ ಒಳಗೋಡೆಗೆ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ಲೇಪವಿರುತ್ತದೆ. ಅದು ಸಾಕಷ್ಟು ಸಿದ್ಧವಾಗಲು ಸುಮಾರು 34 ವಾರ ಬೇಕು. ಲೇಪ ಸಾಲದಿದ್ದರೆ, ಒದ್ದೆಯಾದ ಪ್ಲಾಸ್ಟಿಕ್ ಚೀಲದ ಒಳಬದಿಗಳು ಅಂಟಿಕೊಳ್ಳುವಂತೆ, ಉಸಿರು ಬಿಟ್ಟಾಗಲೆಲ್ಲ ಗೂಡುಗಳು ಮುಚ್ಚಿಕೊಳ್ಳುತ್ತವೆ. ಮಗು ಪ್ರತಿ ಉಸಿರಿಗೂ ಪಕ್ಕೆ ಸೆಳೆದು ಏದುತ್ತದೆ. ಇದರ ಕಾರಣ ಸರ್ಫ್ಯಾಕ್ಟೆಂಟ್ ಕೊರತೆ ಎಂದು 1959ರಲ್ಲಿ ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ತೋರಿಸಿಕೊಟ್ಟರು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಹುಟ್ಟಿದ ಎರಡು ದಿನದೊಳಗೆ ತೀರಿಕೊಂಡದ್ದು ಇದೇ ತೊಂದರೆಯಿಂದ.

ಮುಂದೆ ವೆಂಟಿಲೇಟರ್ ಬಂದಾಗ ಇಂಥ ಮಕ್ಕಳು ಬದುಕತೊಡಗಿದರು. ಆದರೆ ಬದುಕುಳಿದ ಕೆಲವರ ಶ್ವಾಸಕೋಶದಲ್ಲಿ ಗಾಯದ ಕಲೆಗಳು ಉಳಿದವು. 1967ರಲ್ಲಿ ಸ್ಟ್ಯಾನ್‌ಫೋರ್ಡ್‌ನ ವಿಲಿಯಂ ನಾರ್ತ್‌ವೇ ಮತ್ತು ಸಂಗಡಿಗರು ಈ ರೋಗವನ್ನು ಮೊದಲ ಬಾರಿಗೆ ವಿವರಿಸಿ ಬಿಪಿಡಿ ಎಂದು ಹೆಸರಿಟ್ಟರು. ಯಂತ್ರದ ಒತ್ತಡ, ಅತಿಯಾದ ಆಮ್ಲಜನಕ, ಸೋಂಕು ಇವೆಲ್ಲ ಸೇರಿ ಎಳೆಯ ಶ್ವಾಸಕೋಶವನ್ನು ಘಾಸಿಗೊಳಿಸುತ್ತವೆ. ಈಗ ಚಿಕಿತ್ಸೆ ಮೃದುವಾಗಿದೆ, ಇನ್ನೂ ಎಳೆಯ ಮಕ್ಕಳು ಉಳಿಯುತ್ತಿದ್ದಾರೆ. ಹಾಗಾಗಿ ಇಂದಿನ ಬಿಪಿಡಿಯಲ್ಲಿ ಗಾಯಕ್ಕಿಂತ ಬೆಳವಣಿಗೆ ನಿಂತುಹೋಗುವುದೇ ಮುಖ್ಯ: ಗಾಳಿಗೂಡುಗಳು ಕಡಿಮೆ, ಇರುವವು ದೊಡ್ಡವು.

ಪ್ರಾಣ ಉಳಿಸುವ ಚಿಕಿತ್ಸೆಯೇ ಘಾಸಿಯನ್ನೂ ಮಾಡಬಲ್ಲದಾದ್ದರಿಂದ ಎಲ್ಲವನ್ನೂ ಹದವಾಗಿ ಕೊಡಬೇಕು. ಕೊಳವೆ ಹಾಕುವ ಬದಲು ಮೂಗಿನ ಮೂಲಕ ಸೌಮ್ಯ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಈಗ ಮೊದಲ ಆಯ್ಕೆ. ರಕ್ತದ ಆಮ್ಲಜನಕವನ್ನು ಸಾಮಾನ್ಯವಾಗಿ ಶೇ 90ರಿಂದ 95ರ ನಡುವೆ ಇರಿಸುತ್ತಾರೆ. ಹೆಚ್ಚಾದರೆ ಕಣ್ಣಿನ ಅಕ್ಷಿಪಟಲಕ್ಕೂ ಹಾನಿ. ಕೆಫೀನ್ ಉಸಿರಾಟವನ್ನು ಪ್ರಚೋದಿಸುತ್ತದೆ. 2006ರ ಒಂದು ದೊಡ್ಡ ಅಧ್ಯಯನದಲ್ಲಿ ಕೆಫೀನ್ ಪಡೆದ ಮಕ್ಕಳಲ್ಲಿ ಬಿಪಿಡಿ ಶೇ 36ರಷ್ಟಿತ್ತು, ಪಡೆಯದವರಲ್ಲಿ ಶೇ 47ರಷ್ಟಿತ್ತು. ತಾಯಿಯ ಹಾಲೂ ಅಪಾಯವನ್ನು ತಗ್ಗಿಸುತ್ತದೆ.

ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ಜಿಡಗಾದಂಥ ಊರುಗಳಲ್ಲಿ ಇಷ್ಟೆಲ್ಲ ಸೌಲಭ್ಯ ಕೈಗೆಟಕುವುದಿಲ್ಲ. ಗರ್ಭಿಣಿಗೆ ಎಂಟನೇ ತಿಂಗಳಲ್ಲೇ ನೋವು ಶುರುವಾದರೆ ಆಳಂದದ ತಾಲೂಕು ಆಸ್ಪತ್ರೆ, ಅಲ್ಲಿಂದ ಕಲಬುರಗಿಯ ದೊಡ್ಡಾಸ್ಪತ್ರೆ. ಈ ದಾರಿಯಲ್ಲಿ ಕಳೆಯುವ ಹೊತ್ತನ್ನೂ ಬಳಸಿಕೊಳ್ಳಬಹುದು. 24ರಿಂದ 34 ವಾರದೊಳಗೆ ಹೆರಿಗೆಯಾಗುವ ಸೂಚನೆಯಿದ್ದರೆ ತಾಯಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೊಡುತ್ತಾರೆ: 12 ಗಂಟೆಗೊಮ್ಮೆ 6 ಮಿಲಿಗ್ರಾಂನಂತೆ ನಾಲ್ಕು ಬಾರಿ. ಇದು ಗರ್ಭದಲ್ಲಿರುವ ಮಗುವಿನ ಶ್ವಾಸಕೋಶ ಬೇಗ ಬಲಿಯುವಂತೆ ಮಾಡುತ್ತದೆ. ಮುಂದಿನ ಆಸ್ಪತ್ರೆಗೆ ಕಳಿಸುವ ಮುನ್ನ ಎಎನ್‌ಎಂ ದಾದಿಯರೇ ಮೊದಲ ಚುಚ್ಚುಮದ್ದು ಕೊಡಲು ಕೇಂದ್ರ ಸರ್ಕಾರ 2014ರಲ್ಲಿ ಅವಕಾಶ ಕಲ್ಪಿಸಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಈ ಔಷಧ ಪಡೆದ ತಾಯಂದಿರ ನವಜಾತ ಶಿಶುಗಳಲ್ಲಿ ಸಾವು ಕಡಿಮೆ ಎಂದು ಅದು ಖಚಿತಪಡಿಸಿತು. ಹುಟ್ಟಿದ ಮೇಲೆ ಮಗುವನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆ ಮೈ ಬಿಸಿ ಕಾಯುತ್ತದೆ, ಸೋಂಕನ್ನು ದೂರವಿಡುತ್ತದೆ. ಕಲಬುರಗಿಯಂತೆಯೇ ಕಲ್ಯಾಣ ಕರ್ನಾಟಕಕ್ಕೆ ಸೇರಿದ ಕೊಪ್ಪಳ ಜಿಲ್ಲೆಯಲ್ಲಿ ಅದನ್ನು ವ್ಯಾಪಕವಾಗಿ ಜಾರಿಗೆ ತಂದ ಅನುಭವವಿದೆ.

ಆಸ್ಪತ್ರೆಯಿಂದ ಮನೆಗೆ ಬಂದ ಮಗುವಿಗೆ ಮೊದಲೆರಡು ವರ್ಷ ಜೋಪಾನ ಬೇಕು. ಸಾಮಾನ್ಯ ನೆಗಡಿಯೂ ನ್ಯುಮೋನಿಯಾಕ್ಕೆ ತಿರುಗಿ ಮತ್ತೆ ಆಸ್ಪತ್ರೆ ಸೇರಬೇಕಾಗಬಹುದು. ಉಸಿರಾಡಲೇ ಹೆಚ್ಚು ಶಕ್ತಿ ಖರ್ಚಾಗುವುದರಿಂದ ತೂಕ ನಿಧಾನವಾಗಿ ಏರುತ್ತದೆ. ಅದಕ್ಕೆ ತಕ್ಕ ಪೋಷಣೆ ಬೇಕು. ರೋಗ ತೀವ್ರವಾಗಿದ್ದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಹೃದಯಕ್ಕೂ ತ್ರಾಸಾಗುತ್ತದೆ.

ಬಾಣಂತಿ ಕೋಣೆಯ ಕೆಲವು ರೂಢಿಗಳನ್ನು ಇಂಥ ಮಗುವಿಗಾಗಿ ಬಿಡಲೇಬೇಕು. ಕೆಂಡದ ಕಾವು, ಲೋಬಾನ ಮತ್ತು ಅಜವಾನದ ಹೊಗೆ, ಒಲೆಗೆ ಹಾಕಿದ ತೊಗರಿ ಕಟ್ಟಿಗೆಯ ಹೊಗೆ, ಬೀಡಿ ಸಿಗರೇಟಿನ ಹೊಗೆ ಇವೆಲ್ಲ ಮೊದಲೇ ಬಲಹೀನವಾದ ಶ್ವಾಸನಾಳಗಳನ್ನು ಕೆರಳಿಸುತ್ತವೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಉಬ್ಬಸಕ್ಕೆಂದು ಹೊಟ್ಟೆಗೆ ಬರೆ ಹಾಕಿದರೆ ಗಾಯವಷ್ಟೇ ಉಳಿಯುತ್ತದೆ. ಕೆಮ್ಮು ನೆಗಡಿಯಿರುವವರು ಮಗುವನ್ನು ಎತ್ತಿಕೊಳ್ಳಬಾರದು. ಲಸಿಕೆಗಳನ್ನು ಹುಟ್ಟಿದ ದಿನದಿಂದ ಲೆಕ್ಕ ಹಾಕಿ ಹೊತ್ತಿಗೆ ಸರಿಯಾಗಿ ಹಾಕಿಸಬೇಕು. ನ್ಯುಮೋಕಾಕಲ್ ಲಸಿಕೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ.

ಮಗು ಬೆಳೆದಂತೆ ಹೊಸ ಗಾಳಿಗೂಡುಗಳೂ ಹುಟ್ಟುತ್ತವೆ. ಹೆಚ್ಚಿನ ಮಕ್ಕಳಿಗೆ ಎರಡು ವರ್ಷದೊಳಗೆ ಹೊರಗಿನ ಆಮ್ಲಜನಕ ಬೇಡವಾಗುತ್ತದೆ. ಕೆಲವರಲ್ಲಿ ಉಬ್ಬಸ ಶಾಲೆಯ ವಯಸ್ಸಿನವರೆಗೂ ಕಾಡುತ್ತದೆ. ಪಕ್ಕೆ ಸೆಳೆಯುವುದು, ತುಟಿ ನೀಲಿಗಟ್ಟುವುದು, ಹಾಲು ಕುಡಿಯಲು ಆಗದಿರುವುದು, ಉಸಿರು ನಿಂತು ನಿಂತು ಬರುವುದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕು.