ಮಹಾಮಾರಿ ಮತ್ತು ಮಕ್ಕಳ ಕಲಿಕೆ: ಕಾಣದ ಗಾಯಕ್ಕೆ ಆರೈಕೆ

ರೋಗದ ಲೆಕ್ಕವನ್ನು ನಾವು ಜ್ವರ, ಕೆಮ್ಮು, ಆಸ್ಪತ್ರೆಯ ಹಾಸಿಗೆಗಳಿಂದ ಮಾಡುತ್ತೇವೆ. ಆದರೆ ಕೋವಿಡ್ ಮಹಾಮಾರಿಯು ಸೋಂಕು ತಗುಲದ ಮಕ್ಕಳನ್ನೂ ಬಿಡಲಿಲ್ಲ. ಅದು ಅವರ ಕಲಿಕೆಗೆ ಮಾಡಿದ ಗಾಯ ಕಣ್ಣಿಗೆ ಕಾಣುವಂಥದ್ದಲ್ಲ. ಆದುದರಿಂದಲೇ ಅನೇಕ ಮನೆಗಳಲ್ಲಿ ಅದಕ್ಕೆ ಇನ್ನೂ ಆರೈಕೆ ದೊರೆತಿಲ್ಲ.

ಘೋಡಗೇರಿಯ ಸುತ್ತಲಿನ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗೆ ಪೆಟ್ಟು ಬಿದ್ದದ್ದು ಒಂದೇ ಅಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ಮಹಾಪೂರ ದಂಡೆಯ ಊರುಗಳಿಗೆ ನುಗ್ಗಿತು. ಅದರಿಂದ ಚೇತರಿಸಿಕೊಳ್ಳುವಷ್ಟರಲ್ಲಿ, 2020ರ ಮಾರ್ಚ್‌ನಲ್ಲಿ, ಶಾಲೆಗಳೇ ಮುಚ್ಚಿದವು. ಆ ವರ್ಷ ಒಂದನೆಯ ತರಗತಿಗೆ ಹೆಸರು ಹಚ್ಚಿದ ಮಗುವಿಗೆ ತರಗತಿಯ ಕೋಣೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಆಗ ಅದು ಎರಡನೆಯ ತರಗತಿಯ ವಿದ್ಯಾರ್ಥಿ! ಅಕ್ಷರ ತಿದ್ದುವ ವರ್ಷವೇ ಜಾರಿಹೋಗಿತ್ತು.

ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. 2020ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಯೋಜನೆಯಡಿ ಶಿಕ್ಷಕರು ಗುಡಿಯ ಅಂಗಳ, ಮರದ ನೆರಳುಗಳಲ್ಲಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಆದರೆ ಮನೆಯಲ್ಲಿರುವ ಒಂದೇ ಮೊಬೈಲು ತಂದೆಯೊಡನೆ ಕಬ್ಬಿನ ಹೊಲಕ್ಕೆ ಹೋದರೆ ಮಗು ಓದುವುದೆಂತು?

ನಷ್ಟ ಎರಡು ಬಗೆಯದು: ಕಲಿಯಬೇಕಾದದ್ದನ್ನು ಕಲಿಯದಿರುವುದು ಒಂದು, ಕಲಿತದ್ದನ್ನೂ ಮರೆಯುವುದು ಇನ್ನೊಂದು. ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಕುರಿತು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ. 92ರಷ್ಟು ಮಕ್ಕಳು ಭಾಷೆಯಲ್ಲಿ ತಮಗೆ ಮೊದಲು ಬರುತ್ತಿದ್ದ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು; ಗಣಿತದಲ್ಲಿ ಈ ಪ್ರಮಾಣ ಶೇ. 82.

ಶಾಲೆಯೆಂದರೆ ಪಾಠ ಮಾತ್ರವಲ್ಲ. ಬಿಸಿಯೂಟ, ಹಾಲು, ಕಬ್ಬಿಣಾಂಶದ ಗುಳಿಗೆ, ಆರೋಗ್ಯ ತಪಾಸಣೆ ಇವೆಲ್ಲ ಮಗುವನ್ನು ತಲುಪುವುದು ಅಲ್ಲಿಯೇ. ಶಾಲೆ ಮುಚ್ಚಿದಾಗ ಅಕ್ಕಿ-ಬೇಳೆ ಮನೆಗೆ ಬಂದರೂ, ಗೆಳೆಯರೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣುವ ಬಿಸಿ ಊಟ ಬರಲಿಲ್ಲ. ರಕ್ತಹೀನತೆಯಿಂದ ಬಳಲುವ ಮಗುವಿನ ಲಕ್ಷ್ಯ ಬೇಗ ಚದುರುತ್ತದೆ. ನಾವು ಅದನ್ನು ಸೋಮಾರಿತನವೆಂದು ಬೈಯುತ್ತೇವೆ.

2022-23ರಲ್ಲಿ ಸರ್ಕಾರ ‘ಕಲಿಕಾ ಚೇತರಿಕೆ’ ಕಾರ್ಯಕ್ರಮವನ್ನು ಕೈಗೊಂಡಿತು. ಆದರೆ ಒಂದು ವರ್ಷದಲ್ಲಿ ತುಂಬಿಬರುವ ಹಾನಿ ಇದಲ್ಲ. ತಾಯಿ-ತಂದೆಯರು ಮಾಡಬಹುದಾದದ್ದು ಇಷ್ಟು:

• ಮಗು ಯಾವ ತರಗತಿಯಲ್ಲಿದೆ ಎಂಬುದಕ್ಕಿಂತ ಏನನ್ನು ಓದಬಲ್ಲದು ಎಂಬುದನ್ನು ನೋಡಿರಿ. ಒಂದು ಪುಟ ಗಟ್ಟಿಯಾಗಿ ಓದಿಸಿದರೆ ತಿಳಿಯುತ್ತದೆ.

• ಒತ್ತಕ್ಷರದಲ್ಲಿ ತಡವರಿಸಿದರೆ ಕೆಳಗಿನ ತರಗತಿಯ ಪುಸ್ತಕದಿಂದಲೇ ಆರಂಭಿಸಿರಿ. ಅದರಲ್ಲಿ ಅವಮಾನವಿಲ್ಲ. ದಿನಕ್ಕೆ ಕಾಲು ಗಂಟೆ ಸಾಕು, ಆದರೆ ತಪ್ಪಬಾರದು.

• ಅಕ್ಷರ ಬಾರದ ತಾಯಿಯೂ ಪಕ್ಕದಲ್ಲಿ ಕುಳಿತು ಕೇಳಬಹುದು. ಕೇಳುವವರಿದ್ದರೆ ಓದುವ ಮನಸ್ಸು ಬರುತ್ತದೆ.

• 6ರಿಂದ 12 ವರ್ಷದ ಮಕ್ಕಳಿಗೆ 9 ಗಂಟೆಗೆ ಕಡಿಮೆಯಿಲ್ಲದ ನಿದ್ರೆ ಬೇಕು. ಮಲಗುವ ಮುನ್ನ ಮೊಬೈಲನ್ನು ದೂರವಿಡಿರಿ. ಹಗಲು ಬಯಲಿನಲ್ಲಿ ಆಡಲು ಬಿಡಿರಿ.

• ಹಲಗೆಯ ಮೇಲಿನ ಬರಹ ಕಾಣದೆಂದರೆ ಕಣ್ಣು, ಬೇಗ ದಣಿದರೆ ರಕ್ತ ಪರೀಕ್ಷೆ ಮಾಡಿಸಿರಿ.

ಅಂದು ಒಂದನೆಯ ತರಗತಿಯನ್ನು ಕಾಣದೆಯೇ ಮುಂದೆ ಸಾಗಿದ ಮಗು ಇಂದು ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿರಬಹುದು. ಅದು ದಡ್ಡ ಮಗುವಲ್ಲ; ಅದಕ್ಕೆ ಕಲಿಸುವುದು ನಮ್ಮಿಂದ ಬಾಕಿ ಉಳಿದಿದೆ. ಆ ಬಾಕಿಯನ್ನು ತೀರಿಸುವುದೂ ಒಂದು ದಾಸೋಹವೇ.