ಘಟ್ಟದ ತಂಪು, ಕರಾವಳಿಯ ಸೆಕೆ: ಸೈಕಲ್ ಸವಾರರ ನೀರಿನ ಲೆಕ್ಕ

ರಜೆ ಬಂತೆಂದರೆ ಈಗ ನಮ್ಮ ಹುಡುಗರು ಗೇರ್ ಸೈಕಲ್ ಹತ್ತಿ ದೂರದೂರಿಗೆ ಹೊರಡುತ್ತಾರೆ. ಒಳ್ಳೆಯ ಅಭ್ಯಾಸ. ಆದರೆ ಹೊರಡುವ ಮೊದಲು ತಿಳಿದಿರಬೇಕಾದ ಒಂದು ವಿಷಯವಿದೆ. ವೈದ್ಯನಾದ ನಾನೇ ಅದರಲ್ಲಿ ಎಡವಿದ್ದರಿಂದ ಆ ದಿನದ ಕಥೆಯನ್ನೇ ಹೇಳುತ್ತೇನೆ.

ಡಿಸೆಂಬರಿನ ಒಂದು ಮುಂಜಾನೆ ತೀರ್ಥಹಳ್ಳಿಯಲ್ಲಿ ಫಜ್ರ್ ನಮಾಝ್ ಮುಗಿಸಿ ಮೂವರು ಹೊರಟೆವು: ನಾನು, ನನ್ನ ಮಗ, ಇಪ್ಪತ್ತರ ಹರೆಯದ ಅಕ್ಕನ ಮಗ. ಆಗುಂಬೆ ಘಾಟಿ ಇಳಿದು, ಹೆಬ್ರಿ, ಬ್ರಹ್ಮಾವರ, ಕುಂದಾಪುರ ದಾಟಿ ಮರವಂತೆ ತಲುಪುವುದು ನಮ್ಮ ಯೋಜನೆ. ಒಟ್ಟು ಸುಮಾರು 120 ಕಿಲೋಮೀಟರ್. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಅಲ್ಲಿ ಸೂರ್ಯಾಸ್ತ ನೋಡಬೇಕೆಂದು ಹುಡುಗರಿಗೆ ಆಸೆ.

ಆಗುಂಬೆಯವರೆಗೆ ಮಂಜು, ಏರಿಳಿತದ ದಾರಿ. ಅಲ್ಲಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವುಗಳ ಇಳಿಜಾರು. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ಚಕ್ರದ ರಿಮ್ ಕಾಯುತ್ತದೆ, ಕೈ ಜೋಮು ಹಿಡಿಯುತ್ತದೆ. ಆದ್ದರಿಂದ ನಡುನಡುವೆ ನಿಂತು ಇಳಿದೆವು. ಯಾರಿಗೂ ಬಾಯಾರಿಕೆಯಾಗಲಿಲ್ಲ. ಅಳಿಯನ ಬಾಟಲಿ ಹೆಬ್ರಿಯಲ್ಲೂ ಮುಕ್ಕಾಲು ತುಂಬಿಯೇ ಇತ್ತು. ನಾನು ಅದನ್ನು ಕಂಡೆ, ಏನೂ ಹೇಳಲಿಲ್ಲ. ತಪ್ಪಾದದ್ದು ಅಲ್ಲೇ.

ಬ್ರಹ್ಮಾವರದಲ್ಲಿ ಝುಹ್ರ್ ನಮಾಝ್ ಮುಗಿಸಿ ಹೆದ್ದಾರಿ ಹಿಡಿದಾಗ ಕರಾವಳಿಯ ಸೆಕೆ ಜೋರಾಗಿತ್ತು. ಕೋಟದ ಹತ್ತಿರ ಬರುವಾಗ, ಬೆಳಿಗ್ಗೆಯಿಂದ ವಟಗುಟ್ಟುತ್ತಿದ್ದ ಹುಡುಗ ಮಾತು ನಿಲ್ಲಿಸಿದ್ದ. ತಿರುಗಿ ನೋಡಿದರೆ ಮುಖ ಬಿಳಿಚಿತ್ತು, ಸೈಕಲ್ ಆಚೀಚೆ ವಾಲುತ್ತಿತ್ತು. ಇಳಿದವನೇ ಮೀನಖಂಡ ಹಿಡಿದುಕೊಂಡು ಕುಸಿದು ಕುಳಿತ.

"ಮೂತ್ರ ಯಾವಾಗ ಮಾಡಿದ್ದು?" ಎಂದು ಕೇಳಿದೆ.

"ಬೆಳಿಗ್ಗೆ ಮನೆಯಲ್ಲೇ, ಮಾಮೂ. ದಾರಿಯಲ್ಲಿ ಎಲ್ಲಿಗೆ ಹೋಗಲಿ ಅಂತ ನೀರೇ ಕುಡಿಯಲಿಲ್ಲ."

ಪಕ್ಕದ ಮಸೀದಿಯ ವರಾಂಡದಲ್ಲಿ ಮಲಗಿಸಿ, ಕಾಲನ್ನು ತುಸು ಎತ್ತರಕ್ಕಿಟ್ಟು, ಬಟ್ಟೆ ಸಡಿಲಿಸಿದೆವು. ವುಝೂ ಮಾಡುವ ನಳ್ಳಿಯ ನೀರಿನಲ್ಲಿ ಟವೆಲ್ ಅದ್ದಿ ಮೈ ಒರೆಸಿದೆವು. ಪ್ರಜ್ಞೆ ಸರಿಯಾಗಿತ್ತು, ವಾಂತಿ ಇರಲಿಲ್ಲ. ಮಗ ಅಂಗಡಿಯಿಂದ ತಂದ ಓಆರ್‌ಎಸ್ ಕದಡಿ ಗುಟುಕು ಗುಟುಕಾಗಿ ಕುಡಿಸಿದೆವು. ಒಂದು ಗಂಟೆಯ ಬಳಿಕ ಅವನೇ ಎದ್ದು ಮೂತ್ರಕ್ಕೆ ಹೋದ. ಅಲ್‌ಹಮ್ದುಲಿಲ್ಲಾಹ್!

ಹೀಗೇಕಾಯಿತು? ಘಟ್ಟದ ತಂಪಿನಲ್ಲೂ ಪೆಡಲ್ ತುಳಿಯುವವನು ಬೆವರುತ್ತಾನೆ. ಆದರೆ ಸೈಕಲ್ಲಿನ ವೇಗಕ್ಕೆ ಬೆವರು ಕೂಡಲೇ ಆರುವುದರಿಂದ ಅದು ಗೊತ್ತಾಗುವುದಿಲ್ಲ. ಚಳಿಯಲ್ಲಿ ಬಾಯಾರಿಕೆಯೂ ಕಡಿಮೆ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವಾಂಶ ತುಂಬಿರುತ್ತದೆ. ಅಲ್ಲಿ ಬೆವರು ಹರಿಯುತ್ತದೆ, ಆರುವುದಿಲ್ಲ. ಆರದಿದ್ದರೆ ಮೈ ತಂಪಾಗದು, ದೇಹ ಇನ್ನಷ್ಟು ಬೆವರುತ್ತದೆ. ಬೆಳಿಗ್ಗೆ ಉಳಿಸಿಕೊಂಡ ಸಾಲವನ್ನು ಮಧ್ಯಾಹ್ನ ಒಟ್ಟಿಗೆ ತೀರಿಸಬೇಕಾಗುತ್ತದೆ.

ಯುನಾನಿ ವೈದ್ಯಕೀಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ‘ಅಸ್ಬಾಬೆ ಸಿತ್ತಾ ಝರೂರಿಯ್ಯಾ’ ಎನ್ನುತ್ತೇವೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಮತ್ತು ಹೊರಹೋಗಬೇಕಾದದ್ದು. ಗಾಳಿ ಬದಲಾದರೆ ಉಳಿದವುಗಳನ್ನೂ ಹೊಂದಿಸಿಕೊಳ್ಳಬೇಕು. ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ನ ಮೊದಲ ಭಾಗದಲ್ಲಿ ವ್ಯಾಯಾಮಕ್ಕೂ ಪ್ರಯಾಣಿಕರ ಆರೈಕೆಗೂ ಪ್ರತ್ಯೇಕ ಅಧ್ಯಾಯಗಳನ್ನು ಬರೆದಿದ್ದಾರೆ. ಮೈಬಣ್ಣ ಕಳೆಗುಂದಿದಾಗ, ಚಲನೆಯ ಹಗುರ ಹೋದಾಗ ವ್ಯಾಯಾಮ ನಿಲ್ಲಿಸಬೇಕು ಎಂಬುದು ಅವರ ಬೋಧನೆಯ ಸಾರ. ಕೋಟದಲ್ಲಿ ಎರಡೂ ಲಕ್ಷಣ ನನ್ನ ಕಣ್ಣೆದುರಿಗಿದ್ದವು.

ದೂರದ ಸವಾರಿಗೆ ಹೊರಡುವವರು ಇಷ್ಟನ್ನು ಪಾಲಿಸಿ:

• ಬಾಯಾರಿಕೆಗೆ ಕಾಯಬೇಡಿ. ಪ್ರತಿ 15–20 ನಿಮಿಷಕ್ಕೆ ಕೆಲವು ಗುಟುಕು ಕುಡಿಯಿರಿ. ಮೂತ್ರ ತಿಳಿ ಹಳದಿಯಾಗಿದ್ದರೆ ಸರಿ, ಗಾಢವಾಗಿದ್ದರೆ ನೀರು ಸಾಲದು.

• ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದೂ ಅಪಾಯ. ರಕ್ತದಲ್ಲಿ ಉಪ್ಪಿನ ಅಂಶ ಇಳಿದು ತಲೆನೋವು, ವಾಂತಿ, ಗೊಂದಲ ಉಂಟಾಗಬಹುದು. ಉಪ್ಪು ಹಾಕಿದ ಗಂಜಿ, ಮಜ್ಜಿಗೆ, ಲಿಂಬೆ ಶರಬತ್ತು, ಬೊಂಡ, ಖರ್ಜೂರ ಜೊತೆಗಿರಲಿ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ.

• ಶೌಚಾಲಯದ ಚಿಂತೆಯಿಂದ ನೀರು ಬಿಡಬೇಡಿ. ನಮ್ಮ ಹೆಣ್ಣುಮಕ್ಕಳು ಪ್ರಯಾಣದಲ್ಲಿ ಹೀಗೆ ಮಾಡಿ ಮೂತ್ರದ ಸೋಂಕು ತಂದುಕೊಳ್ಳುವುದನ್ನು ಚಿಕಿತ್ಸಾಲಯದಲ್ಲಿ ಆಗಾಗ ನೋಡುತ್ತೇನೆ. ದಾರಿಯ ಮಸೀದಿ, ಪೆಟ್ರೋಲ್ ಬಂಕ್‌ಗಳನ್ನು ಮೊದಲೇ ಗುರುತಿಸಿಕೊಳ್ಳಿ.

• ನಮಾಝಿನ ಸಮಯವನ್ನು ವಿಶ್ರಾಂತಿಯ ಸಮಯವನ್ನಾಗಿಯೂ ಮಾಡಿಕೊಳ್ಳಿ. ವುಝೂವಿನ ನೀರು ಮುಖ, ಕೈಕಾಲುಗಳನ್ನು ತಂಪಾಗಿಸುತ್ತದೆ. ನಮಾಝ್ ಮುಗಿದ ಕೂಡಲೇ ಓಡದೆ ಅರ್ಧ ಗಂಟೆ ನೆರಳಲ್ಲಿ ಕುಳಿತುಕೊಳ್ಳಿ.

• ತಲುಪಿದ ಕೂಡಲೇ ಬೆವರಿದ ಬಟ್ಟೆ ಬದಲಿಸಿ. ತೊಡೆಸಂದು ತೊಳೆದು, ಚೆನ್ನಾಗಿ ಒರೆಸಿ ಒಣಗಿಸಿ. ಇಲ್ಲದಿದ್ದರೆ ತುರಿಕೆ, ಶಿಲೀಂಧ್ರ ಸೋಂಕು ಉಂಟಾಗಬಹುದು. ನೀರಿನ ಬಾಟಲಿಯನ್ನು ದಿನವೂ ಸೋಪಿನಿಂದ ತೊಳೆಯಿರಿ.

• ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೊರಡಬೇಡಿ. ಮೇಲಿನ ಉಪ್ಪು–ಸಕ್ಕರೆಯ ಲೆಕ್ಕ ಅವರಿಗೆ ಅನ್ವಯಿಸದು.

ಮಾತು ತೊದಲಿದರೆ, ಗೊಂದಲವಾದರೆ, ಮೈ ಸುಡುತ್ತಿದ್ದರೆ ಅದು ಉಷ್ಣಾಘಾತ. ಬಾಯಿಗೆ ಏನನ್ನೂ ಹಾಕದೆ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ. ಎದೆನೋವು ಬಂದರೂ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ.

ಅಂದು ನಾವು ಮರವಂತೆ ತಲುಪಲಿಲ್ಲ. "ಈಗ ಸರಿಯಾಗಿದ್ದೇನೆ ಮಾಮೂ, ಇನ್ನು ಸ್ವಲ್ಪವೇ ದೂರ" ಎಂದು ಅವನು ಹಠ ಹಿಡಿದ. ನಾನು ಒಪ್ಪಲಿಲ್ಲ. ಮೂರೂ ಸೈಕಲ್‌ಗಳನ್ನು ಗೂಡ್ಸ್ ಟೆಂಪೋಗೆ ಹೇರಿ ಊರಿಗೆ ಮರಳಿದೆವು. ಮನೆಯಲ್ಲಿ ಅಕ್ಕ ನನ್ನನ್ನೇ ಬೈದಳು: "ನೀನು ಜೊತೆಗಿದ್ದೀಯೆಂಬ ಧೈರ್ಯದಿಂದಲೇ ಕಳಿಸಿದ್ದು." ಅವಳ ಮಾತು ನ್ಯಾಯವಾಗಿತ್ತು. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಜೊತೆಗೆ ಬಂದವರ ದೇಹದ ಹಕ್ಕನ್ನು ನೋಡಿಕೊಳ್ಳುವುದು ಹಿರಿಯರ ಹೊಣೆ. ಮುಂದಿನ ಚಳಿಗಾಲದಲ್ಲಿ, ಇನ್‌ಶಾ ಅಲ್ಲಾಹ್, ಮತ್ತೆ ಹೊರಡುತ್ತೇವೆ. ಆಗ ಹೆಬ್ರಿಯಲ್ಲಿ ಎಲ್ಲರ ಬಾಟಲಿಯನ್ನೂ ನಾನೇ ಎತ್ತಿ ನೋಡುತ್ತೇನೆ.