ಹೆಸರು ಬೇರೆ, ಗಂಟಲು ಒಂದೇ!

ತೆರೆಯ ಮೇಲೆ ತುಟಿ ಆಡಿಸಿದ್ದು ಅಣ್ಣಾವ್ರು, ಹಾಡಿದ್ದು ಪಿ.ಬಿ. ಶ್ರೀನಿವಾಸ್! 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರದ ಎಮ್ಮೆ ಹಾಡನ್ನು ರಾಜ್ ತಾವೇ ಹಾಡಿ ಶಿಳ್ಳೆ ಗಿಟ್ಟಿಸುವ ತನಕ ನಮಗೆಲ್ಲ ಆ ಜೋಡಿಯೇ ಜೋಡಿ. ಮುಖ ಒಬ್ಬರದು, ಕಂಠ ಇನ್ನೊಬ್ಬರದು.

ಮೈಕುಗಳ ಲೋಕದಲ್ಲೂ ಇದೇ ಕಥೆ ಅಂದ್ರೆ ನಂಬ್ತೀರಾ? ಮೈ ಮೇಲೆ ಕೆತ್ತಿದ ಹೆಸರು ಒಂದು ಕಂಪನಿಯದು, ಒಳಗಿನ ಗಂಟಲು ಇನ್ನೊಂದು ಕಾರ್ಖಾನೆಯದು! ಸಿನಿಮಾ ಪತ್ರಿಕೇಲಿ ಮೈಕಿನ ಪುರಾಣ ಯಾಕಪ್ಪಾ ಅಂತ ಮೂಗು ಮುರೀಬೇಡಿ. ಆರ್ಕೆಸ್ಟ್ರಾದಲ್ಲಿ ಹಾಡೋ ಆಸೆ, ಡಬ್ಬಿಂಗ್ ಕಲಿಯೋ ಆಸೆ, ಮಿಮಿಕ್ರಿ ಹುಚ್ಚು ನಿಮ್ಮಲ್ಲಿ ಎಷ್ಟು ಜನಕ್ಕಿಲ್ಲ? ಒಂದು ಒಳ್ಳೆಯ ಮೈಕಿಗಾಗಿ ತಿಂಗಳುಗಟ್ಟಲೆ ಕಾಫಿ, ಟಿಕೆಟ್ ದುಡ್ಡು ಉಳಿಸಿದವನಿಗೆ ಈ ಗುಟ್ಟು ಗೊತ್ತಿರಲೇಬೇಕು. ಗೊತ್ತಿದ್ದರೆ ಲಾಟರಿ, ಇಲ್ಲದಿದ್ದರೆ ಪಂಗನಾಮ!

ಮೊದಲು ದೊಡ್ಡವರ ಕಥೆ ಕೇಳಿ. ಹಾಲಿವುಡ್‌ನ ಫ್ರ್ಯಾಂಕ್ ಸಿನಾತ್ರಾ ಗೊತ್ತಲ್ಲ? 1953ರ ‘ಫ್ರಮ್ ಹಿಯರ್ ಟು ಎಟರ್ನಿಟಿ’ ಚಿತ್ರದ ನಟನೆಗೆ ಆಸ್ಕರ್ ಹೊಡೆದ ಗಾಯಕ. ಆತನ ಮೆಚ್ಚಿನ ಮೈಕು ಯು-47. ಅದರ ಮೇಲಿದ್ದ ಬಿಲ್ಲೆ ಟೆಲಿಫಂಕನ್‌ದು. ಆದರೆ 1949ರಲ್ಲಿ ಆ ಮೈಕನ್ನು ಹೊರತಂದದ್ದು ಬರ್ಲಿನ್ನಿನ ನ್ಯೂಮನ್ ಕಂಪನಿ! ಮಾರಾಟದ ಹೊಣೆ ಹೊತ್ತಿದ್ದ ಟೆಲಿಫಂಕನ್ ಎಷ್ಟೋ ಮೈಕುಗಳ ಮೇಲೆ ತನ್ನ ಹೆಸರನ್ನೇ ಹಾಕಿತ್ತು. ಮುಂದೆ ಆ ವ್ಯವಹಾರ ಮುರಿದಾಗ ಟೆಲಿಫಂಕನ್ ಸುಮ್ಮನೆ ಕೂತಿತೇ? ವಿಯೆನ್ನಾದ ಎ.ಕೆ.ಜಿ. ಕಂಪನಿಗೆ ಹೇಳಿ ‘ಎಲಾ ಎಂ 251’ ಮಾಡಿಸಿಕೊಂಡಿತು. ಹೆಸರು ಅದೇ, ತಯಾರಕ ಬೇರೆ. ಅದೇ ಎ.ಕೆ.ಜಿ. ಮೈಕುಗಳು ಅಮೆರಿಕದಲ್ಲಿ ‘ನೊರೆಲ್ಕೋ’ ಎಂಬ ವೇಷದಲ್ಲೂ ಬಿಕರಿಯಾದವು!

ಇದರಲ್ಲಿ ಮೋಸವೇನೂ ಇಲ್ಲ, ನೆನಪಿಡಿ. ಒಬ್ಬ ಮಾಡಿಕೊಟ್ಟ, ಇನ್ನೊಬ್ಬ ಮಾರಿದ, ಇಬ್ಬರಿಗೂ ಒಪ್ಪಿಗೆ.

ಇವೆಲ್ಲ ಲಕ್ಷಗಳ ಮಾಲು, ನಮ್ಮ ಕೈಗೆ ಎಟುಕೋದಲ್ಲ ಬಿಡಿ. ಎಟುಕುವ ಮಾತಿಗೆ ಬರೋಣ. 1980ರ ದಶಕದಲ್ಲಿ ಅಮೆರಿಕದ ರೇಡಿಯೋ ಶ್ಯಾಕ್ ಅಂಗಡಿಗಳು ‘ರಿಯಲಿಸ್ಟಿಕ್’ ಹೆಸರಲ್ಲಿ ಪಿ.ಝಡ್.ಎಂ. ಎಂಬ ಚಪ್ಪಟೆ ಮೈಕು ಮಾರಿದವು. ನೋಡೋಕೆ ತಗಡಿನ ತುಂಡು. ಮಾಡಿದ್ದು ಯಾರ ಪರವಾನಗಿಯಲ್ಲಿ? ಸ್ಟುಡಿಯೋಗಳಿಗೆ ಇದೇ ಜಾತಿಯ ದುಬಾರಿ ಮೈಕು ಕೊಡುತ್ತಿದ್ದ ಕ್ರೌನ್ ಕಂಪನಿಯದು! ಮೇಜಿನ ಮೇಲೋ ರಂಗದ ನೆಲದ ಮೇಲೋ ಇಟ್ಟರೆ ಸಾಕು, ಸುತ್ತಲಿನ ಮಾತನ್ನೆಲ್ಲ ಹಿಡಿಯುತ್ತದೆ. ನಾಟಕ ತಂಡದವರಿಗೆ ಇಂಥದ್ದು ಹಳೇ ಪೆಟ್ಟಿಗೇಲಿ ಸಿಕ್ಕರೆ ಬಿಡಬಾರದು.

ಇನ್ನು ಶೂರ್ ಕಂಪನಿಯ ಎಸ್.ಎಂ. 58. 1966ರಿಂದ ಇವತ್ತಿನ ತನಕ ವೇದಿಕೆಯ ಸೂಪರ್‌ಸ್ಟಾರ್! ಆದರೆ ಅದರ ಅಣ್ಣಂದಿರನ್ನು ಕೇಳೋರಿಲ್ಲ. 1959ರ ಯುನಿಡೈನ್ 3, ಅಂದರೆ ಮಾಡೆಲ್ 545, ಇದೇ ವಂಶದ ಹಿರಿಯ. 1969ರ ವುಡ್‌ಸ್ಟಾಕ್ ಸಂಗೀತೋತ್ಸವದ ವೇದಿಕೆ ಮೇಲೆ ನಿಂತದ್ದು 565. ಹೆಸರಲ್ಲಿ ‘58’ ಇಲ್ಲ ಅಂತ ಅಂಗಡಿಯವನು ಇವನ್ನು ಮೂಲೆಗೆ ತಳ್ಳಿದ್ದರೆ ಅದೇ ನಿಮ್ಮ ಅದೃಷ್ಟ. ಒಂದೇ ಎಚ್ಚರಿಕೆ: ಇವುಗಳಲ್ಲಿ ಹಲವಕ್ಕೆ ಹೈ, ಲೋ ಅಂತ ಎರಡು ಬಗೆಯ ಇಂಪೀಡೆನ್ಸ್ ಉಂಟು. ಇವತ್ತಿನ ಮಿಕ್ಸರಿಗೆ ಲೋ ಬೇಕು. ತಿಳಿದ ಮೆಕ್ಯಾನಿಕ್ ಆದರೆ ವೈರು ಬದಲಿಸಿ ಕೊಡ್ತಾನೆ.

ಈಗ ಖಳನಾಯಕನ ಪ್ರವೇಶ! ನಕಲಿ ಮಾಲು. ಇದು ಬೇರೆ ಹೆಸರಿನ ಒಳ್ಳೇ ಮೈಕಲ್ಲ, ಒಳ್ಳೇ ಹೆಸರಿನ ಕೆಟ್ಟ ಮೈಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲೆಯುವಾಗ ಒಬ್ಬ ಅಂಗಡಿಯವನು ನನ್ನನ್ನು ಕರೆದ. “ಒರಿಜಿನಲ್ 58 ಸಾರ್, ಹೆಸರು ನೋಡಿ!” ಅಂದ. “ಹೆಸರು ಆಮೇಲೆ ಅಣ್ಣಾ, ಮೊದಲು ತೂಕ ನೋಡೋಣ” ಅಂದೆ. ಅಸಲಿ 58ರ ತೂಕ ಸುಮಾರು 298 ಗ್ರಾಂ. ಪಕ್ಕದ ಅಂಗಡಿಯ ತಕ್ಕಡಿಗೆ ಹಾಕಿದರೆ ಮುಳ್ಳು 240 ದಾಟಲಿಲ್ಲ! ಅಣ್ಣ ನಕ್ಕು ಮೈಕನ್ನು ಒಳಗಿಟ್ಟ, ನಾನು ನಕ್ಕು ಮುಂದೆ ನಡೆದೆ. ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ. ತೂಕ ಬರೀ ಮೊದಲ ಪರೀಕ್ಷೆ.

ಆನ್‌ಲೈನಿನಲ್ಲಿ ಇನ್ನೊಂದು ತಮಾಷೆ. ಬಿ.ಎಂ. 800 ಎಂಬ ಚೀನೀ ಮೈಕು ಹತ್ತಾರು ಹೆಸರು, ಹತ್ತಾರು ಬೆಲೆಯಲ್ಲಿ ಮಾರಾಟಕ್ಕಿದೆ. ಎಷ್ಟೋ ಸಲ ಬಣ್ಣ ಬಿಟ್ಟರೆ ಬೇರೇನೂ ವ್ಯತ್ಯಾಸವಿಲ್ಲ. ಕೆಲವನ್ನು ಬಿಚ್ಚಿದರೆ ಅಷ್ಟು ದೊಡ್ಡ ಜಾಲರಿಯೊಳಗೆ ಅಂಗಿ ಗುಂಡಿಯಷ್ಟು ಕ್ಯಾಪ್ಸೂಲ್! ಕೊಳ್ಳಲೇಬೇಕೆಂದರೆ ಹೆಸರಿಗೆ ಹೆಚ್ಚು ದುಡ್ಡು ಸುರಿಯಬೇಡಿ. ಹಾಗಂತ ಚೀನೀ ಮಾಲೆಲ್ಲ ಕಳಪೆ ಅನ್ನಲೂಬೇಡಿ. ಬೀಜಿಂಗಿನ 797 ಆಡಿಯೋ ಕಾರ್ಖಾನೆ ಬೇರೆ ಬೇರೆ ಕಂಪನಿಗಳಿಗೆ ಮೈಕು ಮಾಡಿಕೊಟ್ಟು ಹೆಸರು ಗಳಿಸಿದೆ.

ಹಾಗಾದರೆ ಹಳೇ ಮೈಕು ಕೊಳ್ಳೋದು ಹೇಗೆ? ನನ್ನ ಪದ್ಧತಿ ಇಷ್ಟು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗಲಗಲ ಅಂದರೆ ನಮಸ್ಕಾರ ಹೇಳಿ ಹೊರಡಿ. ಜಾಲರಿ ಬಿಚ್ಚಿಸಿ. ಒಳಗಿನ ಸ್ಪಂಜು ಪುಡಿಯಾಗಿದ್ದರೆ ಬದಲಿಸಬಹುದು, ಆದರೆ ಪೊರೆ ಹರಿದಿದ್ದರೆ, ತಗ್ಗು ಬಿದ್ದಿದ್ದರೆ ಬೇಡ. ನಿಮ್ಮದೇ ವೈರು ಒಯ್ದು ಆಂಪ್ಲಿಫೈಯರಿಗೆ ಹಾಕಿಸಿ. ‘ಪ’, ‘ಬ’, ‘ಸ’ ಅಕ್ಷರಗಳನ್ನು ಹೇಳಿ. ಗುಂಯ್ ಅನ್ನುತ್ತಾ? ವೈರು ಅಲ್ಲಾಡಿಸಿದರೆ ದನಿ ಹೋಗಿ ಬರುತ್ತಾ? ಕಂಡೆನ್ಸರ್ ಮೈಕಾದರೆ ಎಷ್ಟೋ ಮಾದರಿಗಳಿಗೆ ಮಿಕ್ಸರಿನಿಂದ 48 ವೋಲ್ಟ್ ಬೇಕು. ಅದು ಸಿಗದೆ ಸುಮ್ಮನಿರುವ ಮೈಕು ಕೆಟ್ಟಿದೆ ಅಂತಲೂ ಅಲ್ಲ, ಸರಿಯಿದೆ ಅಂತಲೂ ಅಲ್ಲ. ಇಷ್ಟೆಲ್ಲ ಗೆದ್ದ ಮೇಲೆ ಚೌಕಾಸಿ. ಹೊಸದರ ಬೆಲೆಯ ಅರ್ಧ ದಾಟಿದರೆ ನಾನಂತೂ ಕೈ ಮುಗಿದುಬಿಡ್ತೀನಿ.

ಕೊನೆಗೊಂದು ಮಾತು, ಮಿತ್ರರೇ. ಕೇಳುವವನ ಕಿವಿಗೆ ಮೈಕಿನ ಹೆಸರು ಬೀಳೋದಿಲ್ಲ, ನಿಮ್ಮ ದನಿ ಬೀಳುತ್ತೆ. ಬಿಲ್ಲೆ ಓದಿ ಕೊಂಡವನು ಬಿಲ್ಲೆಗೆ ದುಡ್ಡು ಕೊಟ್ಟ, ಕಿವಿಗೊಟ್ಟು ಕೊಂಡವನು ದನಿಗೆ ಕೊಟ್ಟ. ಜೇಬು ಹಗುರ ಮಾಡೋ ಮುಂಚೆ ಕಿವಿ ಚುರುಕು ಮಾಡ್ಕೊಳ್ಳಿ!